ಖಂಡೆಪ್ಪನವರ ಬೋರು

ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯಲ್ಲಿ ಖಂಡೆಪ್ಪನವರ ಮನೆ ಯಾವುದೆಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತರಾದವರು, ಕಾರ್ಮಿಕ ಸಂಘದ ಹಳೆಯ ಮುಂದಾಳು. ರವಿವಾರ ಪಡಸಾಲೆಯಲ್ಲಿ ಜಮಖಾನೆ ಹಾಸಿ ಮಾರ್ಕ್ಸ್‌ವಾದದ ಪಾಠ ಹೇಳುತ್ತಿದ್ದರು.

"ಮನುಷ್ಯ ನಿಸರ್ಗದ ಹೊರಗಿಲ್ಲ. ದುಡಿಮಿ ಅಂದ್ರ ನಿಸರ್ಗದ ಜೋಡಿ ನಮ್ಮ ಕೊಡೋದು-ತಗೊಳ್ಳೋದು. ಮಷೀನು ಕೆಟ್ಟದ್ದಲ್ಲ. ಅದು ಒಬ್ಬನ ಕೈಗೆ ಸಿಕ್ತು ಅಂದ್ರ ನಿಸರ್ಗನೂ ಅವನ ಪಾಲಾಗ್ತದ. ಉಳಿದವರು ಅವನ ಬಾಗಿಲಿಗಿ ಹೋಗಬೇಕಾಗ್ತದ."

ಕೇಳಲು ಬರುವವರಲ್ಲಿ ಕಮಲಾಪುರದ ಅಂಗನವಾಡಿ ಕಾರ್ಯಕರ್ತೆ ಸುಮಂಗಲಾ ಒಬ್ಬಳು. ಅಂಗನವಾಡಿಯವರ ಧರಣಿಯಲ್ಲಿ ಖಂಡೆಪ್ಪನವರು ಬಿಸಿಲಿಗೆ ಜೊತೆಯಾಗಿ ಕುಳಿತಿದ್ದರು. ಅಂದಿನಿಂದ ಅವಳ ಬಾಯಲ್ಲಿ ಅವರು 'ಅಣ್ಣ'.

ಹೆಂಡತಿ ನಾಗರತ್ನಾಳ ತವರಿನಿಂದ ಕಮಲಾಪುರದಲ್ಲಿ ಒಂದಿಷ್ಟು ಹೊಲ ಬಂತು. ಖಂಡೆಪ್ಪನವರಿಗೆ ಅಲ್ಲಿ ಕೆಂಪು ಬಾಳೆ ಬೆಳೆಯುವ ಆಸೆ. ಸುತ್ತಲಿನ ಎಲ್ಲ ಬೋರುಗಳಿಗಿಂತ ಆಳಕ್ಕೆ ಕೊರೆಸಿದರು, ಮೋಟರನ್ನು ತಾವೇ ನಿಂತು ಕೂಡಿಸಿದರು. ಕೊರೆಯಲು ಬಂದವನು, "ಓಣಿಯವರು ಸೇದೋ ಬಾವಿ ಇಲ್ಲೇ ಕೆಳಗ ಅದ ನೋಡ್ರಿ," ಎಂದಿದ್ದ. "ಭೂಮ್ಯಾಗಿನ ನೀರು ಅಷ್ಟಕ್ಕ ಖಾಲಿ ಆಗ್ತದೇನು?" ಎಂದು ಇವರು ನಕ್ಕಿದ್ದರು. ನೀರು ಚಿಮ್ಮಿದಾಗ ಆ ಮಾತು ಮರೆತೇ ಹೋಯಿತು.

ಮರುವರ್ಷ ಬೇಸಿಗೆಯಲ್ಲಿ ಸುಮಂಗಲಾ ಪಾಠಕ್ಕೆ ಬರುವುದು ನಿಂತಿತು. ಕೆಲಸ ಹೆಚ್ಚಾಗಿರಬೇಕು ಎಂದುಕೊಂಡು ಇವರು ವಿಚಾರಿಸಲಿಲ್ಲ. ಒಂದು ಮುಂಜಾನೆ ಹೊಲದಲ್ಲಿದ್ದಾಗ ಗೇಟಿನ ಆಚೆ ಕೊಡ ಹಿಡಿದ ಹೆಂಗಸರು ಬಂದು ನಿಂತರು. ಮುಂದೆ ಸುಮಂಗಲಾ.

"ಯಾಕವ್ವ, ಇತ್ತೀಚಿಗಿ ಕಾಣ್ಸೇ ಇಲ್ಲ?"

"ನಮ್ಮ ಓಣಿ ಬಾವಿ ಬತ್ಯಾದ್ರಿ. ನೀರು ಹುಡುಕೋದ್ರಾಗೇ ಹೊತ್ತು ಹೋಗ್ತದ." ಅವಳು ತಲೆ ಎತ್ತಲಿಲ್ಲ. "ಎರಡೆರಡು ಕೊಡ ತುಂಬ್ಕೋತೀವ್ರಿ, ಸಾಹುಕಾರ್ರ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ನೀರು ಕೇಳಲು ಬಂದವರು ಹೊಲದ ಒಡೆಯನನ್ನು ಕರೆಯುವ ಹಾಗೆ ಕರೆದಿದ್ದಳು, ಅಷ್ಟೇ. ಖಂಡೆಪ್ಪನವರು ಮೋಟರು ಚಾಲು ಮಾಡಿದರು, ಆದರೆ ಅಲ್ಲಿ ನಿಲ್ಲಲಾಗಲಿಲ್ಲ. ಬಾಳೆಯ ಸಾಲಿನ ಹಿಂದೆ ಹೋಗಿ, ಕೊಡ ತುಂಬುವ ಸದ್ದು ನಿಲ್ಲುವ ತನಕ ಅವಿತುಕೊಂಡರು. ಇಷ್ಟು ವರ್ಷ ಪಾಠದಲ್ಲಿ 'ಒಬ್ಬನ ಕೈ' ಎನ್ನುವಾಗ ಅದು ಯಾವುದೋ ಮಿಲ್ ಮಾಲೀಕನ ಕೈ ಎಂದೇ ಅವರು ತಿಳಿದಿದ್ದರು.

ಆ ರವಿವಾರ ಪಾಠ ನಡೆಯಲಿಲ್ಲ. ನಾಗರತ್ನಾ ಸಮಾಧಾನ ಹೇಳಿದಳು: "ಎಲ್ಲಾರೂ ಕೊರೆಸ್ಯಾರ. ನೀವೊಬ್ರೇ ಏನು?"

"ಎಲ್ಲಾರೂ ಪಾಠ ಹೇಳಂಗಿಲ್ಲ," ಎಂದರು ಖಂಡೆಪ್ಪನವರು.

ಬೋರಿನಿಂದ ಓಣಿಯವರೆಗೆ ಪೈಪು ಹಾಕಿಸಿ, ಅಲ್ಲೊಂದು ನೀರಿನ ಟಾಕಿ ಕಟ್ಟಿಸಿದರು. ಮೋಟರಿನ ಕೋಣೆಯ ಕೀಲಿಯನ್ನು ಓಣಿಯ ಹೆಂಗಸರ ಕೈಗೆ ಕೊಟ್ಟರು. ಟಾಕಿ ತುಂಬಿದ ಮೇಲಷ್ಟೇ ಬಾಳೆಗೆ ನೀರು. ಅರ್ಧ ತೋಟ ಒಣಗಿತು. ಮಳೆ ಬಂದರೂ ಬಾವಿಯ ತಳ ಮಾತ್ರ ಒದ್ದೆಯಾಯಿತು, ನೀರು ಏರಲಿಲ್ಲ.

ಊರಿನವರು ಅವರಿಗೆ ಸನ್ಮಾನ ಇಟ್ಟುಕೊಂಡರು. ಆ ದಿನ ಖಂಡೆಪ್ಪನವರು ಫೋನ್ ಬಂದ್ ಮಾಡಿ ಖೂಬಾ ಪ್ಲಾಟಿನ ಮನೆಯಲ್ಲೇ ಉಳಿದರು.

"ಪಾಪ, ದಾರಿ ಕಾಯ್ತಿರ್ತಾರ. ಒಂದು ಶಾಲು ಹೊದಿಸ್ಕೊಂಡ್ರ ಏನಾಗ್ತಿತ್ರಿ?" ಎಂದಳು ನಾಗರತ್ನಾ.

"ಅವರ ಬಾವಿ ನೀರು ಅವರಿಗಿ ಕೊಟ್ಟೀನಿ. ಅದಕ್ಕ ಯಾವ ಮುಖ ಇಟ್ಕೊಂಡು ಶಾಲು ಹೊದಿಸ್ಕೊಳ್ಳಲಿ?"

ನಾಗರತ್ನಾ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು.