ನಟ್ಟಿ ವಾರದ ಹಾಜರಿ

"ಮೊದಲು ಜವಾಬ್ದಾರಿ ತಗೊಂಡು ತೋರಿಸು, ಪೋಸ್ಟಿನ ಮಾತು ಆಮೇಲೆ" ಎಂದು ನಮ್ಮ ಮ್ಯಾನೇಜರು ಹೇಳಿದಾಗ ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಆ ಖುಷಿ ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ. ಕುಂದಾಪುರದ ಹೊರಗಿನ ಒಂದು ಗೇರುಬೀಜದ ಫ್ಯಾಕ್ಟರಿಯಲ್ಲಿ ನಾನು ಗ್ರೇಡಿಂಗಿಗೆ ಇದ್ದೆ. ಸಿಪ್ಪೆ ತೆಗೆದ ಬೀಜವನ್ನು ಮುಂದೆ ಸುರಿದುಕೊಂಡು ಇಡಿಯದು, ಹೋಳು, ಚೂರು ಎಂದು ಬೇರೆ ಮಾಡುವ ಕೆಲಸ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಹಳೆಯ ಸೂಪರ್‌ವೈಸರ್ ಕೆಲಸ ಬಿಟ್ಟು ಮುಂಬೈಯಲ್ಲಿದ್ದ ಭಾವನ ಹೋಟೆಲಿಗೆ ಸೇರಿಕೊಂಡಿದ್ದರು. ನಾನು ಪಿಯುಸಿ ಪಾಸಾದವಳು, ಕೆಲಸದಲ್ಲಿ ಚುರುಕು. ಆ ಜಾಗ ನನಗೇ ಎಂದು ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ.

ಜವಾಬ್ದಾರಿ ಎಂದರೆ ಎಲ್ಲರಿಗಿಂತ ಮುಂಚೆ ಬಂದು ಹಾಜರಿ ಹಾಕುವುದು, ಹೊಸಬರಿಗೆ ಕಲಿಸುವುದು, ಚೂರು ಹೆಚ್ಚಾದರೆ ಬೈಸಿಕೊಳ್ಳುವುದು, ಕೈತೊಳೆಯುವಲ್ಲಿ ನೀರು ಕಟ್ಟಿದರೆ ಅದನ್ನೂ ನಾನೇ ನೋಡುವುದು. ಸಂಬಳ ಮಾತ್ರ ಹಿಂದಿನ ಹಾಗೇ, ಬೇರೆ ಮಾಡಿಕೊಟ್ಟ ಬೀಜದ ತೂಕಕ್ಕೆ. ಹಾಲ್ ತುಂಬಾ ಓಡಾಡುವವಳ ಮುಂದಿನ ರಾಶಿ ಕರಗುವುದು ಹೇಗೆ? ಜವಾಬ್ದಾರಿ ಏರಿದಷ್ಟೂ ಸಂಬಳ ಇಳಿಯಿತು. ಇದನ್ನು ಹೇಳಿದರೆ ಮ್ಯಾನೇಜರು, "ಕಿಲೋ ಲೆಕ್ಕದಲ್ಲೇ ಯೋಚನೆ ಮಾಡ್ತಾ ಇದ್ದರೆ ನೀನು ಮುಂದೆ ಬರುವುದು ಯಾವಾಗ ಮಾರಾಯ್ತಿ?" ಎಂದರು. ಅವರು ಮಂಗಳೂರು ಕಡೆಯವರು, ಬೆಣ್ಣೆಯಂಥ ಮಾತು. ನಾನು ತಲೆಯಾಡಿಸಿ ಬಂದೆ.

ಎರಡು ಮಳೆಗಾಲ ಹೀಗೇ ಹೋಯಿತು. ಎಡವಟ್ಟಾದದ್ದು ಮೂರನೆಯದರಲ್ಲಿ.

ಫ್ಯಾಕ್ಟರಿಯ ಹೆಂಗಸರಲ್ಲಿ ಬಹಳ ಮಂದಿ ನನ್ನ ಹಾಗೆ ಬೈಂದೂರು ಕಡೆಯಿಂದ ಒಂದೇ ಬಸ್ಸಿನಲ್ಲಿ ಬರುವವರು. ಎಲ್ಲರಿಗೂ ಮನೆಯ ಮುಂದೆ ತುಂಡು ಗದ್ದೆ. ಮಳೆ ಹಿಡಿದ ಮೇಲೆ ನಟ್ಟಿ, ಅಂದರೆ ಭತ್ತದ ಸಸಿ ನೆಡುವ ಕೆಲಸ. ಅದಕ್ಕೆ ನಾವು ಕೂಲಿಗೆ ಜನ ಕರೆಯುವುದಿಲ್ಲ; ಇವತ್ತು ಅವರ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ಅವರು. ಆ ದಿನಗಳಲ್ಲಿ ಹಾಲ್ ಅರ್ಧ ಖಾಲಿಯಾಗುತ್ತಿತ್ತು, ಹಳೆಯ ಸೂಪರ್‌ವೈಸರ್ ಕಂಡೂ ಕಾಣದ ಹಾಗೆ ಇದ್ದುಬಿಡುತ್ತಿದ್ದರು; ಹಿಂದಿನ ಎರಡು ಮಳೆಗಾಲ ನಾನೂ ಹಾಗೇ ಇದ್ದೆ. ಆ ವರ್ಷ ಮಾಲು ಬೇಗ ಹಡಗಿಗೆ ಹೋಗಬೇಕಿತ್ತು. "ಎಲ್ಲ ನಿನ್ನ ಊರಿನವರೇ ಅಲ್ಲವಾ, ನೀನು ಹೇಳಿದರೆ ಬರ್ತಾರೆ. ಇದೊಂದು ಮಾಡಿ ತೋರಿಸು" ಎಂದರು ಮ್ಯಾನೇಜರು. ಸೂಪರ್‌ವೈಸರ್ ಆಗಲು ಉಳಿದದ್ದು ಇದೊಂದೇ ಮೆಟ್ಟಿಲು ಎಂದುಕೊಂಡು, ಯಾರೂ ರಜೆ ಹಾಕುವುದಿಲ್ಲವೆಂದು ಮಾತು ಕೊಟ್ಟೆ.

ನಮ್ಮ ಪಕ್ಕದ ಮನೆಯ ಅಕ್ಕ, ನನ್ನನ್ನು ಈ ಕೆಲಸಕ್ಕೆ ಸೇರಿಸಿದವಳೇ ಅವಳು, ಸಂಜೆ ಬಸ್ಸು ಮರವಂತೆ ದಾಟುವಾಗ ಸಮುದ್ರದ ಸದ್ದಿನ ನಡುವೆ ಕೂಗಿ ಹೇಳಿದಳು: "ಹ್ವಾಯ್, ನಾಳಿಗ್ ನಮ್ಮನಿ ನಟ್ಟಿ. ನಾ ಬಪ್ಪುಕ್ ಆತ್ತಿಲ್ಲೆ."

"ಒಂದ್ ವಾರ ಮುಂದ್ ಹಾಕುಕ್ ಆತ್ತಿಲ್ಯಾ ಅಕ್ಕ?"

"ಸಸಿ ಕಿತ್ತಾಯ್ತ್. ಕಿತ್ ಸಸಿ ನಿನ್ ಮ್ಯಾನೇಜರ್ ಹೇಳ್ರ್ ಅಂದೇಳಿ ಕಾಯತ್ತಾ?"

ಮರುದಿನ ಅವಳು ಬರಲಿಲ್ಲ. ನಾನು ಗೈರು ಎಂದು ಹಾಕಿದೆ. ಬಾರದವಳಿಗೆ ಮತ್ತೇನು ಹಾಕಲಿ? ಮ್ಯಾನೇಜರು ಅವಳನ್ನು ಒಂದು ವಾರ ಗೇಟಿನ ಒಳಗೆ ಬಿಡಲಿಲ್ಲ. ನಾನು ಚಾಡಿ ಹೇಳಿದೆನೆಂದು ಹೆಂಗಸರು ಆಡಿಕೊಂಡರು. ಅವಳು ಕೂರುವ ಜಾಗ ಖಾಲಿಯಿದ್ದದ್ದು ಮ್ಯಾನೇಜರಿಗೆ ಕಣ್ಣಾರೆ ಕಾಣುತ್ತಿತ್ತು, ನಾನು ಹೇಳುವುದು ಏನಿತ್ತು! ಉಳಿದವರು ಹೆದರಿ ನಟ್ಟಿಯನ್ನು ಮನೆಯವರ ಮೇಲೆ ಹಾಕಿ ಕೆಲಸಕ್ಕೆ ಬಂದರು. ಮಾಲು ಸರಿಯಾದ ಸಮಯಕ್ಕೆ ಹೋಯಿತು. ಮ್ಯಾನೇಜರು ಹಾಲ್ ನಡುವೆ ನಿಂತು, "ಎಲ್ಲ ಇವಳಿಂದ ಆದದ್ದು" ಎಂದು ನನ್ನತ್ತ ಕೈ ತೋರಿಸಿದರು. ಬೈದಿದ್ದರೂ ಅಷ್ಟು ಕೆಡುಕಾಗುತ್ತಿರಲಿಲ್ಲ.

ನಮ್ಮ ನಟ್ಟಿಯನ್ನು ನಾನು ಭಾನುವಾರಕ್ಕೆ ಇಟ್ಟಿದ್ದೆ, ಯಾರಿಗೂ ರಜೆಯ ತಾಪತ್ರಯ ಬೇಡವೆಂದು. ಅಮ್ಮ ಬರುವವರಿಗೆಲ್ಲ ಸಾಕಾಗುವಷ್ಟು ಗಂಜಿ ಬೇಯಿಸಿ, ಒಣಮೀನಿನ ಚಟ್ನಿ ಅರೆದಿಟ್ಟಳು. ಒಬ್ಬರೂ ಬರಲಿಲ್ಲ. ಅಮ್ಮ ಗದ್ದೆಯ ಅಂಚಿನಲ್ಲಿ ನಿಂತು ಪಕ್ಕದ ಮನೆಗೆ ಕೂಗಿದಳು: "ಹ್ವಾಯ್, ಬತ್ತಿಲ್ಯಾ?"

ಅಕ್ಕ ಜಗಲಿಯಿಂದಲೇ ಹೇಳಿದಳು: "ನಿಮ್ಮ ಮಗಳ್ ಹತ್ರ ಗೈರ್ ಹಾಕುಕ್ ಹೇಳಿ."

ಅಮ್ಮ ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದಳು. ಕತ್ತಲಾಗುವವರೆಗೆ ನಾವಿಬ್ಬರೇ ನೆಟ್ಟೆವು. ಅರ್ಧ ಗದ್ದೆಯೂ ಮುಗಿಯಲಿಲ್ಲ, ಉಳಿದ ಸಸಿ ಕಟ್ಟು ಕಟ್ಟಾಗಿ ಕೊಳೆಯಿತು. ನನಗೆ ಅಕ್ಕನ ಮೇಲೂ ಸಿಟ್ಟು, ಮ್ಯಾನೇಜರ ಮೇಲೂ ಸಿಟ್ಟು. ಆದರೆ ಪೋಸ್ಟ್ ಸಿಕ್ಕಿದರೆ ಇದೆಲ್ಲ ಸರಿಹೋದೀತೆಂದು ಹಲ್ಲು ಕಚ್ಚಿ ಮರುದಿನವೂ ಕೆಲಸಕ್ಕೆ ಹೋದೆ.

ಮಳೆ ಕಡಿಮೆಯಾಗುವ ಹೊತ್ತಿಗೆ ಬ್ರಹ್ಮಾವರದಿಂದ ಒಬ್ಬರು ಸೂಪರ್‌ವೈಸರ್ ಆಗಿ ಬಂದರು. ನಾನು ನೇರ ಮ್ಯಾನೇಜರ ಕೋಣೆಗೆ ಹೋಗಿ, ನನಗೇಕೆ ಇಲ್ಲವೆಂದು ಕೇಳಿದೆ.

"ಕೆಲಸದಲ್ಲಿ ನಿನ್ನ ಬಗ್ಗೆ ಎರಡು ಮಾತಿಲ್ಲ" ಎಂದರು. "ಆದರೆ ಆ ಹೆಂಗಸರಿಗೂ ನಿನಗೂ ಆಗುವುದಿಲ್ಲವಲ್ಲ. ಸೂಪರ್‌ವೈಸರ್ ಅಂದಮೇಲೆ ಎಲ್ಲರನ್ನೂ ಜೊತೆಗೆ ಕೊಂಡುಹೋಗಬೇಕು."

ನಾಳೆಯಿಂದ ಹಾಜರಿ ಯಾರು ಹಾಕಬೇಕೆಂದು ಕೇಳಿದೆ. "ನೀನೇ ಹಾಕು. ಅವರು ಹೊಸಬರಲ್ಲವಾ, ನೋಡಿ ಕಲೀಲಿ" ಎಂದರು.

ಅವತ್ತೇ ಕೆಲಸ ಬಿಟ್ಟು ಬರಬೇಕಿತ್ತು ಎಂದು ಆಮೇಲೆ ಬಹಳ ಮಂದಿ ನನಗೆ ಬುದ್ಧಿ ಹೇಳಿದ್ದಾರೆ. ಮರುದಿನ ಬೆಳಿಗ್ಗೆ ನಾನು ಎಲ್ಲರಿಗಿಂತ ಮುಂಚೆ ಹೋಗಿ, ಹೊಸ ಸೂಪರ್‌ವೈಸರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹಾಜರಿ ಕೂಗಿದೆ. ಕೂಗದೆ ಹೋಗಿ ಕೂರೋಣವೆಂದರೆ, ಆ ಹೆಂಗಸರ ನಡುವೆ ಒಂಚೂರು ಸರಿದು ನನಗೆ ಜಾಗ ಕೊಡುವವರು ಒಬ್ಬರೂ ಇರಲಿಲ್ಲ.