ಪಾದ್ರಿ ಬಂಗಲೆಯ ನಡುಗಂಬ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು, ಬರೆಯದೆ ಎದ್ದಿದ್ದೇನೆ. ಶಕುನ, ಶಾಪ, ಪವಾಡ ಇವನ್ನು ನಂಬಿದವನಲ್ಲ ನಾನು. ಎಸ್ಸೆಸ್ಸೆಲ್ಸಿ ಮುಗಿಸಿ ಗುಬ್ಬಿಯಲ್ಲಿ, ಕೆಡವಿದ ಮನೆಗಳ ಮರ ಕೊಂಡು ಮಾರುವ ಅಪ್ಪನ ಅಂಗಡಿಗೆ ಸೇರಿದವನು. ಕೈಯಾರೆ ತಟ್ಟಿ ನೋಡಿದ್ದನ್ನು ಮಾತ್ರ ನಂಬುತ್ತಿದ್ದೆ.

ಎಪ್ಪತ್ತರ ದಶಕದ ಕೊನೆಯ ಮಾತು. ಚೇಳೂರಿನ ಕಡೆ ಒಂದು ಹಳ್ಳಿಯಲ್ಲಿ ಬಿಳಿ ಪಾದ್ರಿಯೊಬ್ಬರು ಕಟ್ಟಿಸಿದ ಬಂಗಲೆ ಇತ್ತು. ಭಾರವೆಲ್ಲ ಹೊನ್ನೆ ಮರದ ಕಂಬ, ತೊಲೆಗಳ ಮೇಲೆ. ಗೋಡೆ ಎಂದರೆ ನಡುವೆ ತುಂಬಿದ ಮಣ್ಣು ಅಷ್ಟೆ. ಒಂದು ಮೊಳೆಯೂ ಇರಲಿಲ್ಲ, ಎಲ್ಲ ಮರದ ಗೂಟ. ಕೂಡುವ ತುದಿಗಳೆರಡಕ್ಕೂ ಉಳಿಯಿಂದ ಒಂದೇ ಗುರುತು ಕೊರೆದಿದ್ದರು. ಪಾದ್ರಿಗಳು ಬರುವುದು ನಿಂತ ಮೇಲೆ ಅಲ್ಲಿ, ಪಾದ್ರಿಗಳ ಕೈಕೆಳಗೆ ಬೋಧನೆ ಮಾಡುತ್ತಿದ್ದ ಹಳೆಯ ಉಪದೇಶಿಯ ಮಗಳು, ವಯಸ್ಸಾದ ಹೆಂಗಸು, ಹೊಲಿಗೆ ಕಲಿಸಿಕೊಂಡು ಇದ್ದರು.

ರಿಪೇರಿ ಮಾಡುವುದೋ ಕೆಡವುವುದೋ ಎಂದು ಕೇಳಲು ಚರ್ಚಿನ ಹಿರಿಯರು ನನ್ನನ್ನು ಕರೆಸಿದರು. ನಡುಗಂಬವನ್ನು ಬುಡದಿಂದ ಕೈಗೆಟುಕುವವರೆಗೂ ತಟ್ಟಿದೆ. ಗಟ್ಟಿ ಸದ್ದು. ಬೈರಿಗೆಯಿಂದ ಕೊರೆದೆ, ನುಣ್ಣನೆಯ ಸುರುಳಿ ಬಂತು. ತೂತಿಗೆ ಅರಗು ತುಂಬಿದೆ. ಅಂಥ ಮರ ನನಗೆ ಬೇಕೆನಿಸಿತು. ಒಳಗೆಲ್ಲ ಗೆದ್ದಲು ತಿಂದಿದೆ, ಕೆಡವಿಬಿಡಿ ಎಂದೆ.

ಆಕೆ ಕಂಬದ ಮೇಲೆ ಅಂಗೈ ಇಟ್ಟರು. "ಸಾಬ್ರೇ, ಇನ್ನೊಂದ್ಸಲ ನೋಡಿ. ನಂಗೆ ಬೇರೆ ಮನೆ ಇಲ್ಲ."

ನೋಡಾಯಿತು ಎಂದೆ.

ತಿಂಗಳೂ ಕಳೆದಿರಲಿಲ್ಲ. ಕೆಡವುವ ದಿನ ಬೆಳಿಗ್ಗೆ ನಾನೂ ಗರಗಸದ ನಂಜಪ್ಪನೂ ಹೋದೆವು. ಆಕೆ ಅಡುಗೆಮನೆಯಲ್ಲಿ ಇನ್ನೂ ಪಾತ್ರೆ ಕಟ್ಟುತ್ತಿದ್ದರು. ಸುಮ್ಮನೆ ಅಭ್ಯಾಸಕ್ಕೆ ಕೊಡತಿಯಿಂದ ನಡುಗಂಬವನ್ನು ತಟ್ಟಿದೆ. ಖಾಲಿ ಡಬ್ಬದ ಸದ್ದು. ಕೆಳಗೆ ತಟ್ಟಿದೆ, ಅದೇ ಸದ್ದು. ಉಳಿ ಒತ್ತಿದರೆ ಹಿಡಿಯವರೆಗೂ ಇಳಿಯಿತು. ಸೀಳಿನಿಂದ ಪುಡಿ ಸುರಿಯತೊಡಗಿ ನಿಲ್ಲಲೇ ಇಲ್ಲ. ತಲೆಯ ಮೇಲೆ ತೊಲೆ ಕಿರುಗುಟ್ಟಿತು. ಕೂಗಿದರೆ ಆಕೆ ಗಾಬರಿಯಾಗಿ ನಮ್ಮ ಕಡೆಗೇ ಓಡಿಬಂದಾರು ಎಂದು ಭಯವಾಗಿ, ದನಿ ಏರಿಸದೆ ಹೇಳಿದೆ.

"ಅಮ್ಮಾ, ಅದನ್ನ ಅಲ್ಲೇ ಬಿಡಿ. ಹಿತ್ತಲ ಬಾಗ್ಲಿಂದ ಹೊರಗೆ ಹೋಗಿ."

"ಇದೊಂದು ತಪ್ಪಲೆ ಸಾಬ್ರೇ."

"ಬಿಡೀಮ್ಮ."

ದನಿಯಲ್ಲಿ ಏನು ಕೇಳಿಸಿತೋ, ಹೋದರು. ನಾವಿಬ್ಬರೂ ಅಂಗಳಕ್ಕೆ ಬರುವಷ್ಟರಲ್ಲಿ ನಡುಮನೆ ಕುಸಿಯಿತು.

ಧೂಳು ಇಳಿದ ಮೇಲೆ ನಂಜಪ್ಪ, "ನೀನ್ ಹೇಳಿದ್ ಹಂಗೇ ಆಯ್ತು ನೋಡ್ಲಾ. ನಿನ್ ಕೈ ಅಂದ್ರೆ ಕೈ ಬುಡು," ಎಂದ. ನಾನು ಬಿದ್ದ ಕಂಬವನ್ನು ಹೊರಳಿಸಿದೆ. ನಾನೇ ತುಂಬಿದ ಅರಗು ಅಲ್ಲಿತ್ತು. ಅದರ ಸುತ್ತ ಹಪ್ಪಳದಷ್ಟು ತೆಳುವಾದ ಸಿಪ್ಪೆ, ಒಳಗೆ ಏನೂ ಇಲ್ಲ.

ಹೊನ್ನೆ ಅಷ್ಟು ಬೇಗ ಟೊಳ್ಳಾಗುವುದಿಲ್ಲ. ಮೊದಲೇ ಟೊಳ್ಳಾಗಿದ್ದರೆ ನನ್ನ ಬೈರಿಗೆಗೆ ಸುರುಳಿ ಬರುತ್ತಿರಲಿಲ್ಲ. ಇಷ್ಟು ಬಲ್ಲೆ. ಉಳಿದದ್ದು ಈ ವಯಸ್ಸಿಗೂ ತಿಳಿದಿಲ್ಲ.

ಆಕೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. "ಮರದಾಸೆಗೆ ಸುಳ್ಳು ಹೇಳ್ತಿದೀರ ಅಂತ ಮನಸ್ನಲ್ಲಿ ಬೈಕೊಂಡಿದ್ದೆ. ತಪ್ಪಾಯ್ತು ಸಾಬ್ರೇ."

ನಿಜವನ್ನು ಆಗಲೇ ಹೇಳಬೇಕಿತ್ತು. ಇರಲಿ ಬಿಡಿ ಅಮ್ಮಾ ಎಂದೆ. ಕುಣಿಗಲ್‌ನಲ್ಲಿ ಯಾರದೋ ಮನೆಯ ಹಿಂದಿನ ಕೋಣೆ ಸೇರಿದ ಅವರು ಅಲ್ಲೇ ತೀರಿಕೊಂಡರೆಂದು ಎಷ್ಟೋ ವರ್ಷದ ಮೇಲೆ ಕೇಳಿದೆ. ಅವರ ಹೆಸರು ರೂತಮ್ಮ.