ನಿರೂಪಣೆ: ಅರ್ಪಿತಾ

ಹೊನ್ನಾಳಿಯ ಬಸ್ ನಿಲ್ದಾಣದಿಂದ ಹೊಳೆಯ ಕಡೆಗೆ ಹೋಗುವ ರಸ್ತೆಯಲ್ಲಿ ಗುರುಬಸವರಾಜ್ ಅವರ ಪುಸ್ತಕದ ಅಂಗಡಿ ಇದೆ. ಜೂನ್ ತಿಂಗಳಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗೈಡು, ಗ್ರಾಫ್ ಹಾಳೆ, ಬ್ರೌನ್ ಪೇಪರ್ ಎಂದು ಮಕ್ಕಳೂ ತಾಯಂದಿರೂ ಮುಗಿಬೀಳುತ್ತಾರೆ. ಉಳಿದ ತಿಂಗಳುಗಳಲ್ಲಿ ಅಂಗಡಿ ತಣ್ಣಗಿರುತ್ತದೆ. ಹಾಗೆ ತಣ್ಣಗಿದ್ದ ಕಾಲದಲ್ಲಿಯೇ, ತಿಂಗಳಿಗೊಮ್ಮೆ ಒಬ್ಬ ಲೇಖಕರನ್ನು ಕರೆಸಿ ಮಾತನಾಡಿಸಬೇಕೆಂಬ ಯೋಚನೆ ಅವರಿಗೆ ಬಂದದ್ದು. ಭಾನುವಾರ ಸಂಜೆ ಕಪಾಟುಗಳನ್ನು ಗೋಡೆಗೆ ಸರಿಸಿ, ಶಾಮಿಯಾನದವರಿಂದ ಕುರ್ಚಿ ತರಿಸುತ್ತಾರೆ. ಎರಡು ಮರದ ಮಂಚಗಳನ್ನು ಜೋಡಿಸಿ ಮೇಲೆ ಜಮಖಾನ ಹಾಸಿದರೆ ಅದೇ ವೇದಿಕೆ. ಎಲ್ಲ ಮುಗಿದ ಮೇಲೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ. ಮಂಡಕ್ಕಿಯನ್ನು ಮೊದಲೇ ಕೊಟ್ಟರೆ ಜನ ಎದ್ದು ಹೋಗುತ್ತಾರೆಂಬುದು ಮೊದಲ ತಿಂಗಳೇ ಅವರು ಕಲಿತ ಪಾಠ.

ನಿವೃತ್ತನಾದ ಮೇಲೆ ನಾನು ನ್ಯಾಮತಿಯಲ್ಲಿ ನೆಲೆಸಿದ್ದೇನೆ. ಅಲ್ಲಿಂದ ಬಸ್ಸು ಹತ್ತಿ ಈ ಕಾರ್ಯಕ್ರಮಗಳಿಗೆ ಬರುವುದು ನನ್ನ ರೂಢಿ. ಬರುವ ಲೇಖಕರೆಲ್ಲ ನನಗೆ ಹಿಡಿಸುತ್ತಾರೆಂದಲ್ಲ. ಅಲ್ಲಿ ನಿರೂಪಣೆ ಮಾಡುವ ಅರ್ಪಿತಾ ನನ್ನ ವಿದ್ಯಾರ್ಥಿನಿ. ಅವಳ ದನಿ ಕೇಳಿದರೆ ನನಗೆ ಬಿಳಿಚೋಡಿನ ಶಾಲೆಯ ಅಂಗಳ ಕಣ್ಣ ಮುಂದೆ ಬರುತ್ತದೆ.

ನಾನು ಬಿಳಿಚೋಡಿನ ಪ್ರೌಢಶಾಲೆಯಲ್ಲಿದ್ದಾಗ ಬೆಳಗಿನ ಪ್ರಾರ್ಥನೆಯ ನಂತರ ಪತ್ರಿಕೆಯ ಮುಖ್ಯಾಂಶಗಳನ್ನು ಓದುವ ಕೆಲಸ ಅವಳದಾಗಿತ್ತು. ಒಣ ಗಾಳಿ ಬೀಸುವ ಆ ಬಯಲಿನಲ್ಲಿ ಮೈಕಿಲ್ಲದೆ ಕೊನೆಯ ಸಾಲಿನವರೆಗೆ ಮುಟ್ಟುವ ದನಿ ಅದು. ತಂದೆಯಿಂದ ಬಂದದ್ದು. ಅವಳ ತಂದೆ ಜಯಪ್ಪ ಊರಿನಲ್ಲಿ ಡಂಗುರ ಸಾರುತ್ತಿದ್ದವನು. ಕೆರೆಗೆ ನೀರು ಬಿಡುವುದು, ರೇಷನ್ ಬಂದದ್ದು, ಯಾರದೋ ಕುರಿ ತಪ್ಪಿಸಿಕೊಂಡದ್ದು, ಎಲ್ಲವನ್ನೂ ಹಲಗೆ ಬಡಿದು ಬೀದಿಬೀದಿಗೆ ಹೇಳುವುದು ಅವರ ಮನೆತನದ ಮೇಲೆ ಊರು ಹೊರಿಸಿದ್ದ ಕೆಲಸ. ಸಾರಿ ಮುಗಿಸಿದ ಮೇಲೆ ಬಾಯಾರಿದರೂ ಅವನು ಬೀದಿಯಲ್ಲಿಯೇ ನಿಂತು ನೀರು ಕುಡಿಯಬೇಕಿತ್ತು. ಜಗಲಿ ಹತ್ತೆಂದು ಯಾರೂ ಅಂದವರಲ್ಲ. ಮಗಳು ಹತ್ತನೆಯ ತರಗತಿಗೆ ಬಂದ ವರ್ಷ ಜಯಪ್ಪ ಇನ್ನು ಸಾರುವುದಿಲ್ಲವೆಂದು ಹಲಗೆಯನ್ನು ಅಟ್ಟಕ್ಕೆ ಹಾಕಿದ. ಅವಳು ಕಾಲೇಜು ಮುಗಿಸುವ ಹೊತ್ತಿಗೆ ಅವನು ತೀರಿಹೋಗಿದ್ದ.

ಬಿ.ಎ. ಮುಗಿಸಿ, ಕೆಲಸ ಹುಡುಕುತ್ತ ಹೊನ್ನಾಳಿಗೆ ಬಂದ ಅರ್ಪಿತಾ ಗುರುಬಸವರಾಜ್ ಅವರ ಅಂಗಡಿಗೆ ಸೇರಿದಳು. ಅವರು ಒಳ್ಳೆಯ ಮನುಷ್ಯರು. ಸಂಬಳಕ್ಕೆ ತಡಮಾಡಿದವರಲ್ಲ, ಏಕವಚನದಲ್ಲಿ ಗದರಿದವರಲ್ಲ, ಸಂಜೆ ಅಂಗಡಿ ಖಾಲಿಯಿದ್ದಾಗ ಕುಳಿತು ಓದಿಕೊಳ್ಳಲು ಬಿಡುತ್ತಿದ್ದರು. ಮೊದಲ ಕಾರ್ಯಕ್ರಮದ ದಿನ ನಿರೂಪಣೆಗೆ ಒಪ್ಪಿಕೊಂಡಿದ್ದ ಪ್ರವೀಣ್ ಕುಮಾರ್ ಎಂಬ ಮೇಷ್ಟ್ರು ಚನ್ನಗಿರಿಯಲ್ಲಿ ಯಾವುದೋ ಮದುವೆಗೆ ಹೋಗಿ ಅಲ್ಲಿಯೇ ಉಳಿದುಬಿಟ್ಟರು. ಲೇಖಕರು ಬಂದು ಕುಳಿತಾಗಿತ್ತು. ಮೈಕು ಸರಿಯಿದೆಯೋ ಇಲ್ಲವೋ ಎಂದು ನೋಡಲು ಅರ್ಪಿತಾ ಅದನ್ನು ಹಿಡಿದು, ಎಲ್ಲರಿಗೂ ನಮಸ್ಕಾರ ಎಂದಳು. ಸಭೆ ತಟ್ಟನೆ ಸುಮ್ಮನಾಯಿತು. ಗುರುಬಸವರಾಜ್ ಅವರ ಮುಖ ಅರಳಿತು. ಅಂದು ಕೈಗೆ ಬಂದ ಮೈಕು ಮತ್ತೆ ಅವಳ ಕೈಬಿಡಲಿಲ್ಲ.

ಅವಳ ನಿರೂಪಣೆಗೆ ಒಂದು ಕ್ರಮವಿತ್ತು. ಅತಿಥಿಗಳ ಹೆಸರು, ಊರು, ಬಿರುದು ಒಂದೂ ತಪ್ಪುತ್ತಿರಲಿಲ್ಲ. ಮಾತು ಉದ್ದವಾದರೆ ಚೀಟಿ ಕಳಿಸುತ್ತಿರಲಿಲ್ಲ. ಮೆಲ್ಲಗೆ ಬಂದು ಭಾಷಣಕಾರರ ಮೊಣಕೈ ಪಕ್ಕದಲ್ಲಿ, ಮುಗುಳುನಗುತ್ತ ನಿಲ್ಲುತ್ತಿದ್ದಳು. ಎಂಥ ವಾಗ್ಮಿಯಾದರೂ ಅವಳನ್ನು ಕಂಡೊಡನೆ 'ಕೊನೆಯದಾಗಿ' ಎನ್ನುತ್ತಿದ್ದರು. ಅಡಿಕೆ ವ್ಯಾಪಾರ ಮಕ್ಕಳಿಗೆ ಬಿಟ್ಟುಕೊಟ್ಟು ಈಗ ಎಲ್ಲ ಸಭೆಗಳ ಅಧ್ಯಕ್ಷತೆ ವಹಿಸುವ ಮರುಳಪ್ಪನವರು, ಅರ್ಪಿತಾ ಎದ್ದು ಬಂದಳೆಂದರೆ ಯಮನಾದರೂ ಕುಳಿತುಕೊಳ್ಳಬೇಕು ಎಂದು ನಗೆಯಾಡುತ್ತಿದ್ದರು. ಆಹ್ವಾನ ಪತ್ರಿಕೆಯ ಕೊನೆಯ ಸಾಲು ಅಚ್ಚಿನ ಮನೆಯವರಿಗೆ ಬಾಯಿಪಾಠವಾಗಿತ್ತು: ನಿರೂಪಣೆ, ಅರ್ಪಿತಾ ಜೆ.

ಹೀಗೆ ವರ್ಷಗಳು ಕಳೆದವು. ಅವಳಿಗೆ ಜ್ವರ ಬಂದ ತಿಂಗಳು ಕಾರ್ಯಕ್ರಮವನ್ನೇ ಮುಂದೂಡಿದರು. ಶಿವಮೊಗ್ಗದಲ್ಲಿ ಒಂದು ಕೆಲಸ ಸಿಗುವಂತಿದ್ದಾಗ ಗುರುಬಸವರಾಜ್ ತಡೆಯಲಿಲ್ಲ. ನೀನು ಹೋದರೆ ಈ ಕಾರ್ಯಕ್ರಮ ನಿಲ್ಲುತ್ತದೆ, ನಿಲ್ಲಲಿ ಬಿಡು ಎಂದು ಮೆತ್ತಗೆ ಅಂದರು. ಬೈದಿದ್ದರೆ ಅವಳು ಹೋಗುತ್ತಿದ್ದಳೇನೋ. ಆ ಮೆತ್ತನೆಯ ಮಾತನ್ನು ದಾಟುವುದು ಅವಳಿಂದಾಗಲಿಲ್ಲ.

ಈ ನಡುವೆ ಅವಳು ಕಥೆ ಬರೆಯುತ್ತಿದ್ದ ಸಂಗತಿ ಮನೆಯವರನ್ನು ಬಿಟ್ಟರೆ ನನ್ನೊಬ್ಬನಿಗೆ ಗೊತ್ತಿತ್ತು. ಕೆಲವನ್ನು ನನಗೆ ಓದಲು ಕೊಟ್ಟಿದ್ದಳು. ಅವುಗಳಲ್ಲಿ ತಂದೆಯ ಮೇಲೆ ಬರೆದ ಕಥೆಯನ್ನು ಓದಿ ಮುಗಿಸಿ, ನಾನು ಮತ್ತೆ ಮೊದಲಿನಿಂದ ಓದಿದ್ದೆ. ಕಳೆದ ವರ್ಷ ದಾವಣಗೆರೆಯ ಒಬ್ಬ ಪ್ರಕಾಶಕರು ಆ ಕಥೆಗಳನ್ನು ಪುಸ್ತಕ ಮಾಡಿದರು. ಬಿಡುಗಡೆ ನಮ್ಮ ಅಂಗಡಿಯಲ್ಲಿಯೇ ಆಗಬೇಕೆಂದು ಗುರುಬಸವರಾಜ್ ಹಟ ಹಿಡಿದರು. ಅವರ ಸಂತೋಷ ನಿಜವಾದದ್ದು.

ಅರ್ಪಿತಾಳ ತಾಯಿ ಓಬವ್ವನಿಗೆ ಓದು ಬರುವುದಿಲ್ಲ. ಅಪ್ಪನ ಕಥೆಯನ್ನು ಮನೆಯಲ್ಲಿಯೇ ಓದಿ ಹೇಳು ಎಂದು ಆಕೆ ಎಷ್ಟೋ ಸಲ ಕೇಳಿದ್ದಳಂತೆ. ಅರ್ಪಿತಾ ಒಪ್ಪಿರಲಿಲ್ಲ. "ಇಲ್ಲಿ ನಾಕು ಗೋಡೆಗೆ ಓದಾಕೆ ನಾನು ಬರೆದಿಲ್ಲವ್ವ. ಜನರ ಮುಂದೆ ಅಪ್ಪನ ಹೆಸರು ಹಿಡಿದು ಓದ್ತೀನಿ. ನೀನು ಮುಂದಿನ ಸಾಲಿನಾಗೆ ಕೂತು ಕೇಳಬೇಕು" ಎಂದು ಹೇಳಿದ್ದಳು. ಊರೆಲ್ಲರ ಸುದ್ದಿ ಸಾರಿದವನ ಸುದ್ದಿ ಒಂದು ಸಭೆಯಲ್ಲಿ ಕೇಳಿಸಬೇಕು ಎಂಬುದೊಂದೇ ಅವಳ ಆಸೆ. ಬಿಡುಗಡೆ, ಶಾಲು, ಹಾರ ಯಾವುದೂ ಅವಳಿಗೆ ಬೇಕಿರಲಿಲ್ಲ. ಆ ನಾಲ್ಕು ಪುಟ ಓದಲು ಸಿಕ್ಕರೆ ಸಾಕಿತ್ತು.

ತೊಡಕು ಬಂದದ್ದು ನಿರೂಪಣೆಯದು. ಲೇಖಕಿಯೇ ನಿರೂಪಣೆ ಮಾಡುವುದು ಹೇಗೆ? ಗುರುಬಸವರಾಜ್ ಅವರಿವರನ್ನು ಕೇಳಿದರು. ಕೃತಿ ಪರಿಚಯಕ್ಕೆ ಬರಬೇಕಿದ್ದ ಕಾಲೇಜಿನ ಸಂಧ್ಯಾರಾಣಿಯವರು, ವೇದಿಕೆಯಲ್ಲಿ ಕೂರುವವರು ಕೆಳಗೆ ನಿಂತು ಮೈಕು ಹಿಡಿದರೆ ಚೆನ್ನಾಗಿರುವುದಿಲ್ಲ ಎಂದರು. ಪ್ರವೀಣ್ ಕುಮಾರ್ ಅವರಿಗೆ ಪರೀಕ್ಷೆಯ ಕೆಲಸವಿತ್ತು. ನಾನು ಮಾಡುತ್ತೇನೆ ಎಂದೆ. ಗುರುಬಸವರಾಜ್ ಕೈಮುಗಿದು, ನಿಮ್ಮಂಥ ಹಿರಿಯರನ್ನು ನಿಲ್ಲಿಸಿದರೆ ಜನ ನನ್ನ ಮುಖಕ್ಕೆ ಉಗಿಯುತ್ತಾರೆ ಎಂದುಬಿಟ್ಟರು. ನಮ್ಮ ಕಡೆ ನಿರೂಪಣೆಯೆಂದರೆ ಕಿರಿಯರ ಕೆಲಸ. ಅತಿಥಿಗಳು ಕೂರುತ್ತಾರೆ, ನಿರೂಪಕರು ನಿಲ್ಲುತ್ತಾರೆ. ಕೊನೆಗೆ ಅರ್ಪಿತಾಳೇ, ಇರಲಿ ಅಣ್ಣ, ನಾನೇ ಮಾಡುತ್ತೇನೆ, ಅದೇನು ಹೊಸದಲ್ಲ ಎಂದಳು. ಎಲ್ಲರಿಗೂ ಹಗುರವಾಯಿತು.

ಆ ಭಾನುವಾರ ಬಿಳಿಚೋಡಿನಿಂದ ಎರಡು ಬಸ್ಸು ಬದಲಿಸಿ ಓಬವ್ವ ಬಂದಳು. ಹಸಿರು ಸೀರೆ ಉಟ್ಟಿದ್ದಳು. ಮೊದಲ ಸಾಲಿನಲ್ಲಿ ನನ್ನ ಪಕ್ಕದಲ್ಲಿ ಕುಳಿತು, ಸೆರಗನ್ನು ಮೊಣಕಾಲಿನ ಮೇಲೆ ಸರಿಪಡಿಸಿಕೊಂಡು, ವೇದಿಕೆಯನ್ನು ದಿಟ್ಟಿಸಿದಳು. ಅರ್ಪಿತಾ ಹೆಸರುಗಳನ್ನು ಕರೆಯುತ್ತ ಹೋದಳು. ಅಧ್ಯಕ್ಷರು, ಬಿಡುಗಡೆ ಮಾಡುವವರು, ಕೃತಿ ಪರಿಚಯಿಸುವವರು, ಮುಖ್ಯ ಅತಿಥಿಗಳು, ಪ್ರಕಾಶಕರು. ಒಬ್ಬೊಬ್ಬರೂ ಮೇಲೆ ಹೋಗಿ ಕುಳಿತರು. ಕುರ್ಚಿಗಳೆಲ್ಲ ತುಂಬಿದವು.

ಓಬವ್ವ ನನ್ನ ಕಡೆ ಬಾಗಿ, "ನನ್ನ ಮಗಳ ಕುರ್ಚಿ ಯಾವುದು ಮೇಷ್ಟ್ರೆ?" ಎಂದಳು.

ನಾನು ನೋಡಿದೆ. ಅವಳ ಕುರ್ಚಿ ಇರಲಿಲ್ಲ. ಯಾರೂ ಅದನ್ನು ತಪ್ಪಿಸಿರಲಿಲ್ಲ. ವೇದಿಕೆಗೆ ಕುರ್ಚಿ ಹಾಕುವವಳು ಪ್ರತಿ ತಿಂಗಳೂ ಅರ್ಪಿತಾಳೇ. ಅಂದು ಬೆಳಿಗ್ಗೆಯೂ ಅವಳೇ ಹಾಕಿದ್ದಳು, ಎಂದಿನಂತೆ ಅತಿಥಿಗಳನ್ನಷ್ಟೇ ಎಣಿಸಿ ಹಾಕಿದ್ದಳು. ತಾನು ಕೂರಬೇಕಾದವಳೆಂಬುದು ಅವಳಿಗೇ ಹೊಳೆದಿರಲಿಲ್ಲ.

ನಾನು ಗುರುಬಸವರಾಜ್ ಅವರಿಗೆ ಸನ್ನೆ ಮಾಡಿದೆ. ಅವರು ಗಾಬರಿಯಾಗಿ ಒಂದು ಕುರ್ಚಿ ತಂದರು. ಮಂಚದ ಮೇಲೆ ಜಾಗವಿರಲಿಲ್ಲ. ಅದನ್ನು ಕೆಳಗೆ, ಮೈಕಿನ ಪಕ್ಕದಲ್ಲಿ ಇಟ್ಟರು. ಅರ್ಪಿತಾ ಅದರ ಅಂಚಿನಲ್ಲಿ ಕುಳಿತಳು, ಮರುಕ್ಷಣವೇ ಮುಂದಿನವರನ್ನು ಕರೆಯಲು ಎದ್ದಳು. ಎರಡು ಸಲ ಹೀಗಾಯಿತು. ಮೂರನೆಯ ಸಲ ಅವಳು ತಿರುಗಿದಾಗ, ಯಾರೋ ಆ ಕುರ್ಚಿಯ ಮೇಲೆ ಶಾಲುಗಳ ತಟ್ಟೆಯನ್ನೂ ಹಣ್ಣಿನ ಬುಟ್ಟಿಯನ್ನೂ ಇಟ್ಟಿದ್ದರು. ಅವಳು ಅದನ್ನು ತೆಗೆಯಲಿಲ್ಲ.

ಭಾಷಣಗಳು ಶುರುವಾದವು. ಎಲ್ಲರೂ ಅರ್ಪಿತಾಳನ್ನು ಮನಸಾರೆ ಹೊಗಳಿದರು. ಅವಳ ದನಿ, ವಿನಯ, ಶಿಸ್ತು. ಸಂಧ್ಯಾರಾಣಿಯವರು ಕಥೆಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದರು. ಮುಖ್ಯ ಅತಿಥಿಗಳು ತಮ್ಮ ಬಾಲ್ಯವನ್ನು ನೆನೆದು ಅಲ್ಲಿಯೇ ಉಳಿದುಬಿಟ್ಟರು. ಮಿಕ್ಕ ದಿನವಾಗಿದ್ದರೆ ಅರ್ಪಿತಾ ಅವರ ಮೊಣಕೈ ಪಕ್ಕಕ್ಕೆ ಹೋಗಿ ನಿಲ್ಲುತ್ತಿದ್ದಳು. ತನ್ನನ್ನೇ ಹೊಗಳುತ್ತಿರುವವರನ್ನು ತಡೆಯುವುದು ಹೇಗೆ? ತಡೆದರೆ ತಾನು ಮಾತನಾಡುವುದಕ್ಕಾಗಿಯೇ ತಡೆದಳೆಂದು ಆಗುವುದಿಲ್ಲವೇ? ಪುಸ್ತಕದ ಹಾಳೆಗಳ ನಡುವೆ ಬೆರಳಿಟ್ಟುಕೊಂಡು ಅವಳು ಗೋಡೆಗೆ ಒರಗಿ ನಿಂತೇ ಇದ್ದಳು.

ಲೇಖಕಿಯ ಮಾತು ಬರಬೇಕಾದ ಹೊತ್ತಿಗೆ ಮರುಳಪ್ಪನವರು ತಮಗೆ ಸೂಳೆಕೆರೆಯ ಕಡೆ ಒಂದು ನಿಶ್ಚಿತಾರ್ಥಕ್ಕೆ ಹೋಗಬೇಕಾಗಿದೆ, ತಮ್ಮದನ್ನು ಮೊದಲೇ ಮುಗಿಸಿಬಿಡುತ್ತೇನೆ ಎಂದರು. ಅಧ್ಯಕ್ಷರು ಕೇಳಿದಾಗ ಇಲ್ಲವೆನ್ನುವುದುಂಟೇ? ಅವರ ಮಾತು ಮುಗಿಯುವುದರೊಳಗೆ ಹಿಂದಿನ ಬಾಗಿಲಿನಿಂದ ಮಂಡಕ್ಕಿಯ ಬುಟ್ಟಿ ಬಂತು. ಬಿಸಿ ಬಜ್ಜಿಯ ವಾಸನೆ ಅಂಗಡಿ ತುಂಬಿತು. ಹಿಂದಿನ ಸಾಲಿನಲ್ಲಿ ಕುರ್ಚಿಗಳು ಕಿರ್ರೆಂದವು. ಒಂದಿಬ್ಬರು ಚಪ್ಪಲಿ ಹುಡುಕತೊಡಗಿದರು.

ಅರ್ಪಿತಾ ಮೈಕಿನ ಬಳಿ ಬಂದಳು. ಪುಸ್ತಕ ತೆರೆದಳು. ಓಬವ್ವ ಬೆನ್ನು ನೇರಮಾಡಿ ಕುಳಿತಳು. ಅರ್ಪಿತಾ ಸಭೆಯನ್ನು ಒಮ್ಮೆ ನೋಡಿದಳು. ಇಷ್ಟು ವರ್ಷ ಸಭೆಯ ನಾಡಿ ಹಿಡಿದು ನೋಡಿದ ಕಣ್ಣು ಅದು. ಯಾರು ಏಳುತ್ತಾರೆ, ಯಾರಿಗೆ ಬಸ್ಸಿನ ಹೊತ್ತಾಯಿತು ಎಂಬುದೆಲ್ಲ ಅವಳಿಗೆ ಕಂಡಿರಬೇಕು.

"ಈಗ ಲೇಖಕಿಯ ಮಾತು" ಎಂದಳು. ಅದೇ ತೂಕದ, ಅದೇ ಇಂಪಾದ ದನಿ. "ಸಮಯದ ಅಭಾವವಿರುವುದರಿಂದ ಲೇಖಕಿ ಒಂದೆರಡು ಮಾತಿನಲ್ಲಿ ಮುಗಿಸಲಿದ್ದಾರೆ."

ಜನ ನಕ್ಕರು, ತಮಾಷೆಯೆಂದುಕೊಂಡರು. ಅವಳು ನಗಲಿಲ್ಲ. ತುಟಿ ತೆರೆದು ಒಂದು ಕ್ಷಣ ನಿಂತಳು. ತಂದೆಯ ಹೆಸರು ಈಗ ಬರುತ್ತದೆ ಎಂದು ನಾನು ಕಾದೆ. ಬಂದದ್ದು ಬೇರೆ ಮಾತು. ಈ ಕಥೆಗಳಿಗೆ ಕಾರಣರಾದ ಎಲ್ಲರಿಗೂ ವಂದನೆಗಳು ಎಂದಳು, ವಂದನಾರ್ಪಣೆಗೆ ಗುರುಬಸವರಾಜ್ ಅವರನ್ನು ಕರೆದಳು, ಪುಸ್ತಕ ಮುಚ್ಚಿ ಪಕ್ಕಕ್ಕೆ ಸರಿದಳು. ಇಷ್ಟು ಕಾಲ ಬೇರೆಯವರ ಮೊಣಕೈ ಪಕ್ಕದಲ್ಲಿ ನಿಂತವಳು ಅಂದು ತನ್ನ ಮೊಣಕೈ ಪಕ್ಕದಲ್ಲಿ ತಾನೇ ಬಂದು ನಿಂತಳು.

ಮಂಡಕ್ಕಿಯ ಪೊಟ್ಟಣಗಳು ಕೈಯಿಂದ ಕೈಗೆ ಹೋಗತೊಡಗಿದವು. ಓಬವ್ವ ಮಾತ್ರ ಕುಳಿತಲ್ಲಿಂದ ಏಳಲಿಲ್ಲ. ಮಗಳು ಪೊಟ್ಟಣ ತಂದುಕೊಟ್ಟಾಗ ಅದನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು:

"ನೀನು ಓದೋದು ಯಾವಾಗ?"

"ಆತವ್ವ. ಮುಗೀತು."

"ಅದೆಂಗೆ ಮುಗಿಯುತ್ತೆ? ನೀನು ಅವರಿವರ ಹೆಸರು ಕರೆದಿ. ನಿಮ್ಮಪ್ಪನ ಹೆಸರೆಲ್ಲಿ ಕರೆದಿ?"

ಅರ್ಪಿತಾ ತಾಯಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಳು. ಅಂದು ಸಂಜೆ ಅವಳು ನೆಟ್ಟಗೆ ಕುಳಿತದ್ದು ಅದೇ ಮೊದಲು. ಮಾತು ಗುರುಬಸವರಾಜ್ ಅವರ ಕಿವಿಗೂ ಬಿದ್ದಿತ್ತು. ಅವರ ಮುಖ ಸಣ್ಣದಾಯಿತು. ಈಗಲೇ ಓದಮ್ಮ, ಎಲ್ಲರನ್ನೂ ಕೂರಿಸುತ್ತೇನೆ ಎಂದರು. ಬೇಡ ಅಣ್ಣ, ತಿನ್ನುತ್ತಿದ್ದಾರೆ ಎಂದಳು. ಹಾಗಾದರೆ ನಿನ್ನ ಕಥೆ ಓದುವುದಕ್ಕೆಂದೇ ಇನ್ನೊಂದು ಭಾನುವಾರ ಇಡೋಣ, ಬೇರೆ ಯಾರ ಭಾಷಣವೂ ಬೇಡ ಎಂದರು. ಅವರು ಮನಸ್ಸಿನಿಂದಲೇ ಅಂದದ್ದು.

"ನಿರೂಪಣೆ ಯಾರು ಮಾಡ್ತಾರಣ್ಣ?" ಎಂದು ಅರ್ಪಿತಾ ಕೇಳಿದಳು. ಕೊಂಕಿನಿಂದ ಕೇಳಿದ್ದಲ್ಲ. ತಿಂಗಳು ತಿಂಗಳೂ ಎಲ್ಲ ಏರ್ಪಾಟು ನೋಡಿಕೊಳ್ಳುವವಳು ಕೇಳುವಂತೆಯೇ ಕೇಳಿದಳು.

ಗುರುಬಸವರಾಜ್ ಸುತ್ತಲೂ ನೋಡಿದರು. ಸಂಧ್ಯಾರಾಣಿಯವರು ಮೆಣಸಿನಕಾಯಿಯ ತೊಟ್ಟು ತೆಗೆಯುತ್ತಿದ್ದರು. ನಾನು ಎದ್ದು ನಿಂತೆ. ಗುರುಬಸವರಾಜ್ ನನ್ನ ಭುಜದ ಮೇಲೆ ಕೈಯಿಟ್ಟು, ಗೌರವದಿಂದ, ಕೂರಿಸಿದರು.

"ನಿರೂಪಣೆ ಅಂದ್ರೇನೇ?" ಎಂದಳು ಓಬವ್ವ.

"ನಿಂತ್ಕಳೋದವ್ವ."

ಓಬವ್ವ ಸ್ವಲ್ಪ ಯೋಚಿಸಿದಳು. "ಅಷ್ಟೇ ಆದ್ರೆ ನಾನು ನಿಂತ್ಕಂತೀನಿ ಬಿಡು. ನೀನು ಕೂತು ಓದು" ಎಂದಳು.

ಹತ್ತಿರವಿದ್ದವರೆಲ್ಲ ನಕ್ಕರು. ಗುರುಬಸವರಾಜ್ ಕೂಡ ನಕ್ಕು, ಓಬವ್ವನಿಗೆ ಇನ್ನೊಂದು ಬಜ್ಜಿ ಹಾಕಿಸಿದರು. ಮಾತು ಅಲ್ಲಿಗೆ ನಿಂತಿತು. ಅರ್ಪಿತಾ ತಾಯಿಯನ್ನು ಬಸ್ಸಿಗೆ ಹತ್ತಿಸಿ ಬಂದು, ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿ, ಕಪಾಟುಗಳನ್ನು ಮೊದಲಿನ ಜಾಗಕ್ಕೆ ತಳ್ಳಿದಳು.

ಆ ಇನ್ನೊಂದು ಭಾನುವಾರ ಇನ್ನೂ ಬಂದಿಲ್ಲ. ಮೊದಲು ಶಾಲೆ ತೆರೆಯುವ ಗಡಿಬಿಡಿ, ಆಮೇಲೆ ಧಾರವಾಡದಿಂದ ಬರುವ ಲೇಖಕರು, ಆಮೇಲೆ ಹಬ್ಬ. ಗುರುಬಸವರಾಜ್ ಮರೆತಿಲ್ಲ, ನನ್ನನ್ನು ಕಂಡಾಗಲೆಲ್ಲ ಆ ಮಾತನ್ನು ಅವರೇ ಎತ್ತುತ್ತಾರೆ. ಓಬವ್ವ ಪ್ರತಿ ತಿಂಗಳೂ ಮಗಳಿಗೆ ಫೋನು ಮಾಡಿ, ಈ ಸಲ ನಾನು ಬಂದು ನಿಲ್ಲಲೇ ಎಂದು ಕೇಳುತ್ತಾಳಂತೆ. ನಗುವ ಮಾತೆಂದು ಆಕೆಗೆ ಇನ್ನೂ ಯಾರೂ ಹೇಳಿಲ್ಲ. ಈ ಸಲ ಬೇಡವ್ವ, ಬೇರೆಯವರು ಬರುತ್ತಿದ್ದಾರೆ ಎಂದು ಅರ್ಪಿತಾ ಹೇಳುತ್ತಾಳೆ. ಮನೆಯಲ್ಲಿ ಓದಿ ಹೇಳಲು ಅವಳು ಈಗಲೂ ಒಪ್ಪಿಲ್ಲ.